ಖಾಲಿ ಬಾಟ್ಲಿಯ ಹಬ್ಬದ ದೀಪ: ಮೊದಲು ಬೆಳಕು, ಆಮೇಲೆ ಬಣ್ಣ

ಉಪ್ಪಿನಕಾಯಿ ಮುಗಿದ ಬಾಟ್ಲಿಗೆ ಬಣ್ಣ ಹಚ್ಚಿ, ಒಳಗೊಂದು ದೀಪ ಇಟ್ಟು, ಪಡಸಾಲೆಯಲ್ಲಿ ತೂಗುಹಾಕುವುದು ನೋಡಿದರೆ ಅರ್ಧ ಗಂಟೆಯ ಕೆಲಸ ಅನ್ನಿಸುತ್ತದೆ. ಹಬ್ಬದ ರಾತ್ರಿಯೇ ಅದರ ತಕರಾರು ಶುರುವಾಗುವುದು. ಒಂದು ಬಾಟ್ಲಿ ಮಸಿ ಹಿಡಿದು ಕಪ್ಪಾಗುತ್ತದೆ. ಆಸೆಪಟ್ಟು ನೀಲಿ ಬಳಿದದ್ದು ದೀಪ ಹಚ್ಚಿದರೂ ಕತ್ತಲಾಗಿಯೇ ನಿಂತಿರುತ್ತದೆ. ಇನ್ನೊಂದು ಟಪ್ ಎಂದು ಸೀಳುತ್ತದೆ. ಒಳಗೆ ಯಾವ ದೀಪ ಉರಿಯಬೇಕು ಎಂದು ಗೊತ್ತುಮಾಡಿಕೊಳ್ಳದೆ ಬಣ್ಣದ ಡಬ್ಬಿ ತೆರೆದರೆ ಹೀಗೇ ಆಗುತ್ತದೆ. ಅದಕ್ಕೇ ಈ ಬರಹ ದೀಪದಿಂದ ಶುರುವಾಗಿ ಬಣ್ಣಕ್ಕೆ ಬರುತ್ತದೆ.

ಬಳ್ಳಾರಿ, ಕೊಪ್ಪಳ, ರಾಯಚೂರಿನ ಬಯಲುಸೀಮೆಗೆ ಈ ದೀಪ ಚೆನ್ನಾಗಿ ಒಗ್ಗುತ್ತದೆ. ಸಂಜೆಯಾದರೆ ಬಯಲಿನ ಗಾಳಿ ಅಂಗಳಕ್ಕೇ ನುಗ್ಗುತ್ತದೆ. ಕಟ್ಟೆಯ ಮೇಲೆ ಸಾಲಾಗಿ ಇಟ್ಟ ಪಣತಿಗಳಲ್ಲಿ ಅರ್ಧ ಹಚ್ಚುವಷ್ಟರಲ್ಲಿ ಉಳಿದರ್ಧ ಆರಿರುತ್ತವೆ. ಗಾಜಿನೊಳಗಿನ ದೀಪಕ್ಕೆ ಆ ಕಾಟವಿಲ್ಲ. ದೀಪಾವಳಿಯ ನೀರು ತುಂಬುವ ಹಬ್ಬದಿಂದ ಹಿಡಿದು ಬಲಿಪಾಡ್ಯಮಿಯವರೆಗೆ, ಆಮೇಲೆ ಹನುಮಪ್ಪನ ಗುಡಿಯ ಕಾರ್ತೀಕದವರೆಗೂ ಅದೇ ಬಾಟ್ಲಿಗಳನ್ನು ಬಳಸಬಹುದು.

ಯಾವ ದೀಪ

ಒಳಗೆ ಇಡಬಹುದಾದದ್ದು ಮೂರು: ಎಣ್ಣೆಯ ಪಣತಿ, ಟೀ ಲೈಟ್ ಎಂದು ಮಾರುವ ಚಿಕ್ಕ ಮೇಣದ ದೀಪ, ಬ್ಯಾಟರಿಯ ಎಲ್‌ಇಡಿ ಸರ. ಮೂರೂ ಬೆಳಕೇ ಆದರೂ ಒಂದರ ಬಣ್ಣ ಇನ್ನೊಂದಕ್ಕಿಲ್ಲ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಹೇಳುತ್ತಾರೆ, ಅಂಕಿ ಏರಿದಷ್ಟೂ ನೀಲಿ ಹೆಚ್ಚು. ಮೇಣ, ಎಣ್ಣೆಯ ಉರಿಯ ಬೆಳಕು ಸುಮಾರು 1,900 ಕೆಲ್ವಿನ್‌ನದು. ಅಂದರೆ ಅದರಲ್ಲಿ ಕೆಂಪು, ಹಳದಿ ತುಂಬಿರುತ್ತವೆ, ನೀಲಿ ತೀರಾ ಕಡಿಮೆ. ನೀಲಿ ಗಾಜು ನೀಲಿಯನ್ನಷ್ಟೇ ಹೊರಗೆ ಬಿಡುತ್ತದೆ, ಉಳಿದದ್ದನ್ನು ನುಂಗುತ್ತದೆ. ಉರಿಯಲ್ಲೇ ಇಲ್ಲದ ನೀಲಿಯನ್ನು ಅದು ಎಲ್ಲಿಂದ ತರಬೇಕು? ಹಗಲಲ್ಲಿ ಬಿಸಿಲಿಗೆ ಹಿಡಿದಾಗ ಫಳಫಳ ಹೊಳೆದ ನೀಲಿ ಬಾಟ್ಲಿ ರಾತ್ರಿ ಪಣತಿ ಇಟ್ಟೊಡನೆ ಮಂಕಾಗುವುದು ಇದಕ್ಕೇ. ನೇರಳೆಯದೂ ಇದೇ ಪಾಡು. ಕಡುಹಸಿರು ಕೂಡ ಅರ್ಧ ಮಂಕು.

ಪಣತಿ ಅಥವಾ ಮೇಣದ ದೀಪಕ್ಕೆ ಹಳದಿ, ಕಿತ್ತಳೆ, ಕೆಂಪು, ಎಳೆಯ ಗಿಳಿಹಸಿರು ಸಾಕು. ನೀಲಿ, ನೇರಳೆ ಬೇಕೇ ಬೇಕು ಅಂದರೆ ಒಳಗೆ 6,000ರಿಂದ 6,500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಇಡಬೇಕು. 2,700ರಿಂದ 3,000 ಕೆಲ್ವಿನ್‌ನ ‘ವಾರ್ಮ್ ವೈಟ್’ ಎಲ್‌ಇಡಿ ನಡುವಿನದು. ಹಳದಿ, ಕೆಂಪಿಗೆ ಅದು ಚೆನ್ನ, ನೀಲಿಗೆ ಸುಮಾರು. ಅಂಗಡಿಯಲ್ಲಿ ಬಣ್ಣ ಕೊಳ್ಳುವ ಮೊದಲೇ ಇದು ತೀರ್ಮಾನವಾಗಿರಬೇಕು.

ಯಾವ ಬಾಟ್ಲಿ

ಉರಿಯುವ ದೀಪಕ್ಕೆ ಅಗಲ ಬಾಯಿಯ ಬಾಟ್ಲಿಯೇ ಆಗಬೇಕು. ನಾಲ್ಕು ಬೆರಳು ಜೋಡಿಸಿ ಒಳಗೆ ಹಾಕಿದರೆ ಸಲೀಸಾಗಿ ಹೋಗಬೇಕು, ಅಂದರೆ ಬಾಯಿ ಸುಮಾರು 7 ಸೆಂಟಿಮೀಟರ್. ಟೀ ಲೈಟ್‌ನ ಅಗಲ 4 ಸೆಂಟಿಮೀಟರಿಗಿಂತ ತುಸು ಕಡಿಮೆ. ಚಿಕ್ಕ ಪಣತಿ 5ರಿಂದ 6. ಅವು ಒಳಗೆ ಹೋದರೆ ಸಾಲದು, ಹಚ್ಚಿದ ಕಡ್ಡಿ ಹಿಡಿದ ಕೈಯೂ ಹೋಗಬೇಕು. ಗಾಳಿ ಒಳಗೆ ಬರುವುದೂ ಬಿಸಿ ಹೊರಗೆ ಹೋಗುವುದೂ ಒಂದೇ ಬಾಯಿಂದ. ಬಾಯಿ ಚಿಕ್ಕದಾದರೆ ಎರಡೂ ಒಂದಕ್ಕೊಂದು ಅಡ್ಡ ಬಂದು ಉರಿ ತೂರಾಡುತ್ತದೆ, ಎಣ್ಣೆ ಪೂರ್ತಿ ಉರಿಯದೆ ಮಸಿ ಕಟ್ಟುತ್ತದೆ. ಎತ್ತರದ ಕಿರಿದಾದ ಬಾಟ್ಲಿಯಲ್ಲಿ ದೀಪ ಐದು ನಿಮಿಷಕ್ಕೇ ತೂಕಡಿಸುವುದು ಇದರಿಂದ. ಅಂಥವನ್ನು, ಹಾಗೆಯೇ ಜ್ಯೂಸು, ಸಾಸಿನ ಉದ್ದ ಕುತ್ತಿಗೆಯ ಬಾಟ್ಲಿಗಳನ್ನು ಎಲ್‌ಇಡಿಗೆ ಎತ್ತಿಡಿ.

ಈಗ ಉಪ್ಪಿನಕಾಯಿ, ಹಾರ್ಲಿಕ್ಸ್‌ನಂಥವು ಹೆಚ್ಚಾಗಿ ಪ್ಲಾಸ್ಟಿಕ್ಕಿನಲ್ಲೇ ಬರುತ್ತವೆ. ಗಾಜಿನಂತೆ ಕಂಡರೂ ಉಗುರಿನಿಂದ ತಟ್ಟಿ ನೋಡಿ. ಜಾಮ್, ಜೇನುತುಪ್ಪ, ಕಾಫಿ ಪುಡಿಯ ಬಾಟ್ಲಿಗಳಲ್ಲಿ ಇನ್ನೂ ಗಾಜು ಸಿಗುತ್ತದೆ. ಮನೆಯಲ್ಲಿ ಸಾಲದಿದ್ದರೆ ಗುಜರಿ ಅಂಗಡಿಯಲ್ಲಿ ಆರಿಸಿ ತರಬಹುದು. ಆರಿಸುವಾಗ ಬಾಯಂಚಿನ ಸುತ್ತ ಉಗುರು ಆಡಿಸಿ. ಎಲ್ಲಾದರೂ ತಡೆದರೆ ಅಲ್ಲಿ ಚಕ್ಕೆ ಎದ್ದಿದೆ ಎಂದು ಅರ್ಥ. ಚಮಚದಿಂದ ಮೆಲ್ಲಗೆ ತಟ್ಟಿದರೆ ಟಿಣ್ ಎನ್ನಬೇಕು. ಟಪ್ ಎಂದು ಒಡಕು ದನಿ ಬಂದರೆ ಎಲ್ಲೋ ಕಾಣದ ಬಿರುಕಿದೆ. ಅದಕ್ಕೆ ಬೆಂಕಿ ಇಡಬೇಡಿ.

ಗಾಜು ಸೀಳುವುದೇಕೆ ಎಂಬುದನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಬಾಟ್ಲಿಯ ಗಾಜು ಸೋಡಾ ಸುಣ್ಣದ ಮಾಮೂಲಿ ಗಾಜು. ಬಿಸಿಗೆ ಅದು ಹಿಗ್ಗುವ ಪ್ರಮಾಣ ಒಲೆಯ ಮೇಲಿಡುವ ಬೊರೊಸಿಲಿಕೇಟ್ ಗಾಜಿನ ಸುಮಾರು ಮೂರು ಪಟ್ಟು. ಗಾಜಿನಲ್ಲಿ ಬಿಸಿ ಬೇಗ ಹರಡುವುದಿಲ್ಲ. ಒಂದು ಕಡೆ ಕಾದು ಹಿಗ್ಗಿ ಪಕ್ಕದ ಭಾಗ ತಣ್ಣಗೇ ಉಳಿದರೆ ನಡುವೆ ಎಳೆತ ಹುಟ್ಟುತ್ತದೆ. ಆ ಅಂತರ 40 ಡಿಗ್ರಿ ಆಸುಪಾಸಿಗೆ ಹೋದರೆ ಇಂಥ ಗಾಜು ಸೀಳುವ ಭಯವಿದೆ. ಚಕ್ಕೆ, ಗೀರು ಇದ್ದರೆ ಅದಕ್ಕೂ ಮೊದಲೇ ಸೀಳಬಹುದು, ಬಿರುಕು ಹೊರಡುವುದೇ ಅಲ್ಲಿಂದ. ಆದ್ದರಿಂದ ಲೇಬಲ್ ಕೀಳಲು ಚಾಕು, ಸ್ಟೀಲ್ ಸ್ಕ್ರಬ್ಬರ್ ಎರಡೂ ಬೇಡ.

ತೊಳೆಯುವುದು

ಕಾಗದದ ಲೇಬಲ್ಲಾದರೆ ಒಂದು ಬಕೆಟ್ ಉಗುರುಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ವಾಷಿಂಗ್ ಸೋಡಾ ಹಾಕಿ ರಾತ್ರಿಯಿಡೀ ಮುಳುಗಿಸಿಟ್ಟರೆ ಬೆಳಗ್ಗೆ ತಾನೇ ಕಳಚಿಕೊಳ್ಳುತ್ತದೆ. ಪ್ಲಾಸ್ಟಿಕ್ ಲೇಬಲ್ಲಿಗೆ ನೀರು ತಾಗುವುದಿಲ್ಲ. ಅದನ್ನು ಮಧ್ಯಾಹ್ನದ ಬಿಸಿಲಲ್ಲಿ ಅರ್ಧ ಗಂಟೆ ಇಟ್ಟು, ಅಂಟು ಮೆತ್ತಗಾದಾಗ ಮೂಲೆಯಿಂದ ನಿಧಾನಕ್ಕೆ ಎಳೆಯಿರಿ. ನಮ್ಮ ಕಡೆಯ ಬಿಸಿಲಿಗೆ ಬೇರೆ ಯಂತ್ರ ಬೇಕಿಲ್ಲ. ಉಳಿದ ಜಿಗುಟಿಗೆ ಕೊಬ್ಬರಿ ಎಣ್ಣೆ, ಅಡುಗೆ ಸೋಡಾ ಸಮಸಮ ಕಲಸಿ ಹಚ್ಚಿ, ಕಾಲು ಗಂಟೆ ಬಿಟ್ಟು ಹಳೆ ಬಟ್ಟೆಯಿಂದ ಉಜ್ಜಿದರೆ ಹೋಗುತ್ತದೆ.

ಆಮೇಲೆ ಪಾತ್ರೆ ಸೋಪಿನಿಂದ ಎರಡು ಸಲ ತೊಳೆಯಿರಿ. ಉಪ್ಪಿನಕಾಯಿ ಬಾಟ್ಲಿಯಲ್ಲಿ ವಾಸನೆ ಹೋದರೂ ಎಣ್ಣೆಯ ಪದರ ಉಳಿದಿರುತ್ತದೆ. ಅದರ ಮೇಲೆ ಬಳಿದ ಬಣ್ಣ ಹತ್ತಾರು ದಿನಕ್ಕೆ ಸಿಪ್ಪೆಯಂತೆ ಏಳುತ್ತದೆ. ಹೊರಮೈ ಮೇಲೆ ನೀರು ಸುರಿದು ನೋಡಿ. ನೀರು ಹಾಳೆಯಂತೆ ಜಾರಿದರೆ ಸ್ವಚ್ಛ. ಹನಿ ಹನಿಯಾಗಿ ನಿಂತರೆ ಇನ್ನೂ ಜಿಡ್ಡಿದೆ.

ನಮ್ಮ ಭಾಗದಲ್ಲಿ ಇನ್ನೊಂದು ತೊಡಕಿದೆ: ಬೋರ್‌ವೆಲ್‌ನ ಸವುಳು ನೀರು. ತೊಳೆದು ಬೋರಲು ಹಾಕಿದ ಬಾಟ್ಲಿ ಒಣಗಿದ ಮೇಲೆ ಬಿಳಿ ಚುಕ್ಕೆಗಳು ಕಾಣುತ್ತವೆ. ಹಗಲಲ್ಲಿ ಅಷ್ಟು ಎದ್ದು ಕಾಣದು. ಒಳಗೆ ದೀಪ ಇಟ್ಟರೆ ಒಂದೊಂದು ಚುಕ್ಕೆಯೂ ಎಣಿಸುವಷ್ಟು ಸ್ಪಷ್ಟ. ಒಂದು ಪಾಲು ವಿನೆಗರ್‌ಗೆ ನಾಲ್ಕು ಪಾಲು ನೀರು ಬೆರೆಸಿ, ಇಲ್ಲವೇ ತೆಳ್ಳಗಿನ ಹುಣಸೆ ನೀರಿನಲ್ಲಿ ಅದ್ದಿ ಒರೆಸಿ. ಕೊನೆಯ ಜಾಲಿಸುವಿಕೆ ಕುಡಿಯುವ ಫಿಲ್ಟರ್ ನೀರಿನಲ್ಲಿ ಆಗಲಿ. ಬಣ್ಣ ಹಚ್ಚುವ ಮೊದಲು ಹೊರಮೈಯನ್ನು ಮೆಡಿಕಲ್ ಅಂಗಡಿಯ ಸರ್ಜಿಕಲ್ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ. ಅಲ್ಲಿಂದಾಚೆಗೆ ಬಾಯಂಚನ್ನಷ್ಟೇ ಹಿಡಿಯಬೇಕು, ಬೆರಳಿನ ಜಿಡ್ಡೂ ಬಣ್ಣಕ್ಕೆ ಶತ್ರುವೇ.

ತಂತಿ

ಬಣ್ಣಕ್ಕಿಂತ ಮೊದಲು ತಂತಿ ಕಟ್ಟಿ. ಬಣ್ಣ ಹಚ್ಚಿದ ಮೇಲೆ ಕಟ್ಟಲು ಹೋದರೆ ಪ್ಲೇಯರ್ ಜಾರಿ ಗೀರು ಬೀಳುವುದು ಖಂಡಿತ.

ಸೆಂಟ್ರಿಂಗ್ ಕೆಲಸದಲ್ಲಿ ಕಬ್ಬಿಣ ಕಟ್ಟುವ ಕರಿಯ ಬೈಂಡಿಂಗ್ ವೈರ್ ಎಲ್ಲ ಕಡೆ ಸಿಗುತ್ತದೆ, ಮೆತ್ತಗೂ ಇರುತ್ತದೆ. ಆದರೆ ಒಂದು ಮಳೆಗೆ ತುಕ್ಕು ಹಿಡಿದು ಗಾಜಿನ ಮೇಲೆ ಕಂದು ನೀರು ಇಳಿಯುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಜಿಐ ತಂತಿ, ಅಂದರೆ ಸತು ಲೇಪಿಸಿದ ಕಬ್ಬಿಣದ ತಂತಿ ಕೇಳಿ: ಕುತ್ತಿಗೆಗೆ 18 ಗೇಜ್, ಹಿಡಿಕೆಗೆ 16 ಗೇಜ್. ಮೊದಲನೆಯದು 1.2 ಮಿಲಿಮೀಟರ್ ದಪ್ಪ, ಎರಡನೆಯದು 1.6. 20 ಗೇಜ್ ಆದರೆ ಎರಡು ಎಳೆ ಹೊಸೆದು ಬಳಸಬೇಕಾಗುತ್ತದೆ.

ಲೆಕ್ಕ ಹೀಗೆ. ಬಾಟ್ಲಿಯ ಕುತ್ತಿಗೆ 7 ಸೆಂಟಿಮೀಟರ್ ಅಗಲವಿದ್ದರೆ ಸುತ್ತಳತೆ 22. ಎರಡು ಕಿವಿಗೆ, ತಿರುಚಲು ಸೇರಿಸಿ 45 ಸೆಂಟಿಮೀಟರ್ ಕತ್ತರಿಸಿ. ತಂತಿಯ ಮಧ್ಯಭಾಗವನ್ನು ಪೆನ್ಸಿಲ್ಲಿಗೆ ಸುತ್ತಿ ಮೂರು ಸಲ ತಿರುಚಿದರೆ ಒಂದು ಕಿವಿ ಆಯಿತು. ಪೆನ್ಸಿಲ್ ತೆಗೆದು, ತಂತಿಯ ಎರಡು ತೋಳುಗಳನ್ನು ಮುಚ್ಚಳ ತಿರುಗಿಸುವ ಸುತ್ತುಗಳ ಕೆಳಗಿನ ಉಬ್ಬಿನ ಅಡಿಯಲ್ಲಿ ಎರಡೂ ಬದಿಗೆ ತನ್ನಿ. ಎದುರು ಬದಿಯಲ್ಲಿ ಅವು ಸೇರುವ ಜಾಗದಲ್ಲಿ ಪ್ಲೇಯರಿನಿಂದ ಹಿಡಿದು, ನಿಮ್ಮ ಕಡೆಗೆ ಎಳೆಯುತ್ತ ಐದಾರು ಸುತ್ತು ತಿರುಚಿ. ಎಳೆಯದೆ ಬರೀ ತಿರುಚಿದರೆ ತಂತಿ ತನ್ನ ಮೇಲೇ ಹೊಸೆದುಕೊಂಡು ತುಂಡಾಗುತ್ತದೆ, ಕುತ್ತಿಗೆಗೆ ಮಾತ್ರ ಸಡಿಲವಾಗಿಯೇ ಇರುತ್ತದೆ. ಉಳಿದ ತುದಿಗಳನ್ನು ಮಡಚಿ ಎರಡನೆಯ ಕಿವಿ ಮಾಡಿ, ಚೂಪು ಕೊನೆಯನ್ನು ಒಳಕ್ಕೆ ಒತ್ತಿಬಿಡಿ.

ಎರಡು ಕಿವಿಗಳು ಎದುರುಬದುರಾಗಿ ಇರಲೇಬೇಕು. ಅರ್ಧ ಇಂಚು ಆಚೀಚೆಯಾದರೂ ಬಾಟ್ಲಿ ವಾಲುತ್ತದೆ, ವಾಲಿದ ಬಾಟ್ಲಿಯಲ್ಲಿ ಉರಿ ಒಂದು ಬದಿಯ ಗಾಜನ್ನು ನೆಕ್ಕುತ್ತದೆ. ಹಿಡಿಕೆಗೆ 16 ಗೇಜ್ ತಂತಿ 60ರಿಂದ 65 ಸೆಂಟಿಮೀಟರ್ ಬೇಕು. ಕಮಾನಿನಂತೆ ಬಗ್ಗಿಸಿ ತುದಿಗಳನ್ನು ಕಿವಿಗೆ ಕೊಕ್ಕೆ ಮಾಡಿ ಮಡಚಿದರೆ ಬಾಯಿಂದ ಕಮಾನಿನ ನೆತ್ತಿಗೆ ಒಂದು ಗೇಣಿಗಿಂತ ಹೆಚ್ಚು ಅಂತರ ಸಿಗುತ್ತದೆ. ಇದಕ್ಕಿಂತ ಗಿಡ್ಡ ಹಿಡಿಕೆ ಕಾದು ಕೈ ಸುಡುತ್ತದೆ.

ಕಟ್ಟಿದ ಮೇಲೆ ಬಾಟ್ಲಿಗೆ ಮುಕ್ಕಾಲು ನೀರು ತುಂಬಿ ರಾತ್ರಿಯಿಡೀ ತೂಗುಹಾಕಿ. ಆಮೇಲೆ ತಳಕ್ಕೆ ಹಾಕುವ ಮರಳು, ಪಣತಿ ಸೇರಿದ ಭಾರಕ್ಕಿಂತ ಇದು ಕಡಿಮೆಯಾಗದು. ಬೆಳಗ್ಗೆ ತಂತಿ ಜಾರಿರದಿದ್ದರೆ ಅದು ಹಬ್ಬಕ್ಕೂ ಜಾರುವುದಿಲ್ಲ.

ಬಣ್ಣ

ಅಂಗಡಿಯಲ್ಲಿ ‘ಗ್ಲಾಸ್ ಕಲರ್’ ಎಂದೇ ಕೇಳಬೇಕು. ಪೋಸ್ಟರ್ ಬಣ್ಣ, ಎನಾಮಲ್, ಮಾಮೂಲಿ ಅಕ್ರಿಲಿಕ್ ಬೆಳಕನ್ನು ತಡೆಯುತ್ತವೆ. ಕೊಪ್ಪಳದ ಹತ್ತಿರದ ಕಿನ್ನಾಳದ ಬೊಂಬೆಗಳ ಹೂಬಳ್ಳಿ, ಅಂಚಿನ ಸಾಲುಚುಕ್ಕೆ ಬಾಟ್ಲಿಗೆ ಬಹಳ ಚೆನ್ನಾಗಿ ಒಪ್ಪುತ್ತವೆ. ಆದರೆ ಕಿನ್ನಾಳದ ಕೆಲಸದಲ್ಲಿ ಮರದ ಮೇಲೆ ಮೊದಲು ಬಿಳಿಯ ತಳಪದರ ಕೊಟ್ಟು ಅದರ ಮೇಲೆ ಗಟ್ಟಿ ಬಣ್ಣ ಕೂರಿಸುತ್ತಾರೆ. ಗಾಜಿನಲ್ಲಿ ಆ ಬಿಳಿಯ ಕೆಲಸವನ್ನು ಒಳಗಿನ ದೀಪ ಮಾಡುತ್ತದೆ. ಕಿನ್ನಾಳದಿಂದ ಗೆರೆಯನ್ನು ಕಲಿಯಿರಿ, ಬಣ್ಣವನ್ನು ತೆಳ್ಳಗೆ ಪಾರದರ್ಶಕವಾಗಿಯೇ ಇಡಿ.

ವಿನ್ಯಾಸ ಸುತ್ತಲೂ ಸಮನಾಗಿ ಬರಲು ಕಾಗದದ ಪಟ್ಟಿಯೊಂದೇ ಸಾಕು. ಎರಡು ಬೆರಳಗಲದ ಪಟ್ಟಿಯನ್ನು ಬಾಟ್ಲಿಯ ಸುತ್ತ ಬಿಗಿಯಾಗಿ ಸುತ್ತಿ, ತುದಿ ಸೇರುವಲ್ಲಿ ಸರಿಯಾಗಿ ಕತ್ತರಿಸಿ. ಅದನ್ನು ಮೂರು ಸಲ ಅರ್ಧಕ್ಕೆ ಮಡಚಿದರೆ ಎಂಟು ಸಮಪಾಲು. ಬಿಚ್ಚಿ ಮತ್ತೆ ಸುತ್ತಿ, ಮಡಿಕೆ ಬಿದ್ದ ಕಡೆ ಗಾಜಿನ ಮೇಲೆ ಸ್ಕೆಚ್ ಪೆನ್ನಿನ ಚುಕ್ಕೆ ಇಡಿ. ಅಂಗಳದ ಚುಕ್ಕಿ ರಂಗೋಲಿ ಗೊತ್ತಿದ್ದವರಿಗೆ ಮುಂದಿನದನ್ನು ಹೇಳಿಕೊಡಬೇಕಿಲ್ಲ.

ಮೊದಲು ಲೈನರ್, ಅಂದರೆ ಕಪ್ಪು ಇಲ್ಲವೇ ಬಂಗಾರ ಬಣ್ಣದ ಉಬ್ಬುಗೆರೆಯ ಟ್ಯೂಬು. ಮೂತಿಯಲ್ಲಿ ಗಾಳಿ ಸಿಕ್ಕಿರುತ್ತದೆ, ಆದ್ದರಿಂದ ಮೊದಲ ಎರಡು ಹನಿಯನ್ನು ಬಟ್ಟೆಯ ಮೇಲೆ ಬಿಡಿ. ಮೂತಿಯನ್ನು ಗಾಜಿಗೆ ಒತ್ತಿ ಉಜ್ಜಬಾರದು. ಮುಟ್ಟಿಸಿ, ಕೂದಲೆಳೆಯಷ್ಟು ಎತ್ತಿ, ಮೆಹಂದಿ ಕೋನಿನ ಹಾಗೆ ದಾರ ಬಿಡುತ್ತ ಹೋಗಿ. ಗೆರೆ ಎಲ್ಲೂ ತುಂಡಾಗಿರಬಾರದು. ಸೂಜಿಮೊನೆಯಷ್ಟು ಸಂದಿ ಉಳಿದರೂ ಕೆಂಪು ಹಳದಿಯೊಳಗೆ ಹರಿದು ಎರಡೂ ಕೆಡುತ್ತವೆ. ಗೆರೆ ರಾತ್ರಿಯಿಡೀ ಒಣಗಲಿ.

ಮರುದಿನ ಬಣ್ಣ ತುಂಬುವಾಗ ಹೆಚ್ಚಿನವರು ಎಡವುವುದು ಬಾಟ್ಲಿ ನಿಲ್ಲಿಸಿಕೊಂಡು ಹಚ್ಚುವುದರಿಂದ. ಗ್ಲಾಸ್ ಕಲರ್ ನೀರಾಗಿರುತ್ತದೆ. ನಿಂತ ಬಾಟ್ಲಿಯಲ್ಲಿ ಅದು ಕೆಳಗಿಳಿದು ಹೂವಿನ ಬುಡದಲ್ಲಿ ದಪ್ಪ, ತುದಿಯಲ್ಲಿ ಖಾಲಿ. ಒಂದು ತಟ್ಟೆಯಲ್ಲಿ ಅಕ್ಕಿ ಹರಡಿ, ಬಾಟ್ಲಿಯನ್ನು ಅದರಲ್ಲಿ ಅಡ್ಡ ಮಲಗಿಸಿ. ಅಕ್ಕಿ ಅದನ್ನು ಉರುಳದಂತೆ ಹಿಡಿದುಕೊಳ್ಳುತ್ತದೆ. ಮೇಲೆ ಬಂದ ಮೂರನೇ ಒಂದು ಭಾಗಕ್ಕಷ್ಟೇ ಬಣ್ಣ ತುಂಬಿ, ಕೈಗೆ ಅಂಟದಷ್ಟು ಒಣಗಿದ ಮೇಲೆ ಉರುಳಿಸಿ ಮುಂದಿನ ಭಾಗಕ್ಕೆ ಹೋಗಿ. ಬ್ರಷ್‌ನಿಂದ ತಿಕ್ಕಬೇಡಿ. ಹನಿ ಬಿಟ್ಟು, ಬ್ರಷ್‌ನ ತುದಿಯಿಂದ ಅದನ್ನು ಗೆರೆಯವರೆಗೆ ತಳ್ಳಿ. ಗುಳ್ಳೆ ಎದ್ದರೆ ತಕ್ಷಣ ಗುಂಡುಸೂಜಿಯಿಂದ ಚುಚ್ಚಿ. ಎರಡು ನಿಮಿಷ ತಡವಾದರೆ ಚುಚ್ಚಿದ ಗುರುತು ಹಾಗೇ ಉಳಿಯುತ್ತದೆ.

ಬೇಗ ಒಣಗಲಿ ಎಂದು ಬಿಸಿಲಲ್ಲಿ ಇಡುವ ಆಸೆ ಇಲ್ಲಿ ಬೇಡ. ಮೇಲ್ಪದರ ಮೊದಲು ಒಣಗಿ ಕೆನೆ ಕಟ್ಟುತ್ತದೆ, ಒಳಗಿನ ದ್ರಾವಕ ಹೊರಬರಲಾರದೆ ಸುಕ್ಕು, ಗುಳ್ಳೆ ಏಳುತ್ತದೆ. ನೆರಳಲ್ಲೇ ಒಣಗಲಿ. ಸಂಡೂರು, ಬಳ್ಳಾರಿಯ ಕಡೆ ಅದಿರಿನ ಕೆಂಪು ಧೂಳಿರುವ ಊರುಗಳಲ್ಲಿ ಹಸಿ ಬಣ್ಣದ ಬಾಟ್ಲಿಯ ಮೇಲೆ ದೊಡ್ಡ ರಟ್ಟಿನ ಪೆಟ್ಟಿಗೆ ಬೋರಲು ಹಾಕಿ, ಗಾಳಿಯಾಡಲು ಒಂದು ಬದಿಗೆ ಬೆಂಡು ಇಟ್ಟು ಎತ್ತರಿಸಿ. ಥಿನ್ನರ್ ವಾಸನೆಯ ಬಣ್ಣ ಹಚ್ಚಿದ್ದರೆ ಒಳಗೆ ಬೆಂಕಿ ಇಡುವ ಮೊದಲು ಪೂರ್ತಿ ಮೂರು ದಿನ ಬಿಡಿ, ಮೂಗಿಗೆ ವಾಸನೆ ಬರುತ್ತಿದ್ದರೆ ಇನ್ನೂ ಒಂದು ದಿನ. ಬಾಯಂಚಿನಿಂದ 3 ಸೆಂಟಿಮೀಟರ್ ಕೆಳಗಿನವರೆಗೆ ಬಣ್ಣವೇ ಬೇಡ, ಅಲ್ಲಿ ಬಿಸಿ ಹೆಚ್ಚು.

ಫೆವಿಕಾಲ್‌ಗೆ ಅಡುಗೆ ಬಣ್ಣ ಕಲಸಿ ಹಚ್ಚುವ ವಿಧಾನ ಬಹಳ ಹರಿದಾಡುತ್ತಿದೆ. ಅಗ್ಗವೂ ಹೌದು, ಮಕ್ಕಳ ಕೈಗೂ ಕೊಡಬಹುದು. ಎರಡು ಚಮಚ ಫೆವಿಕಾಲ್‌ಗೆ ಒಂದು ಚಮಚ ನೀರು, ನಾಲ್ಕೈದು ಹನಿ ಬಣ್ಣ. ಒಣಗಿದರೆ ಅಂಟಿನ ಬಿಳುಪು ಹೋಗಿ ಬಣ್ಣ ತಿಳಿಯಾಗುತ್ತದೆ. ಆದರೆ ನೀರು ತಾಗಿದರೆ ಮತ್ತೆ ಬೆಳ್ಳಗಾಗಿ ಮೆತ್ತಗಾಗುತ್ತದೆ, ಬಿಸಿಲಿಗೆ ಅಡುಗೆ ಬಣ್ಣ ಮಾಸುತ್ತದೆ. ಪಡಸಾಲೆಯೊಳಗಿನ ಒಂದು ಹಬ್ಬಕ್ಕೆ ಸರಿ. ಅಂಗಳಕ್ಕೆ ಬೇಡ.

ಇಷ್ಟೆಲ್ಲ ತಾಳ್ಮೆ ಇಲ್ಲದಿದ್ದರೆ ಗಾಳಿಪಟದ ಕಾಗದ ಇದೆ. ಆಕಾಶಬುಟ್ಟಿಗೆ ಬಳಸುವ ಅದೇ ತೆಳು ಕಾಗದ. ಎರಡು ಪಾಲು ಫೆವಿಕಾಲ್, ಒಂದು ಪಾಲು ನೀರು ಬೆರೆಸಿ ಗಾಜಿಗೆ ಹಚ್ಚಿ, ಕಾಗದದ ತುಂಡನ್ನು ಕೂರಿಸಿ, ನಡುವಿನಿಂದ ಅಂಚಿನ ಕಡೆಗೆ ಒತ್ತಿ ಗಾಳಿ ತೆಗೆಯಿರಿ. ಅಂಟು ನೀರಾದರೆ ಕಾಗದದ ಬಣ್ಣ ಬಿಟ್ಟು ಪಕ್ಕದ ತುಂಡಿಗೆ ಇಳಿಯುತ್ತದೆ. ಒಂದರ ಮೇಲೊಂದು ಎರಡು ಮಿಲಿಮೀಟರಿಗಿಂತ ಹೆಚ್ಚು ಹತ್ತಿಸಿದರೆ ಆ ಪಟ್ಟಿ ರಾತ್ರಿ ಕಪ್ಪು ಗೆರೆಯಾಗಿ ಕಾಣುತ್ತದೆ. ಅಗಲವಾದ ಬಾಟ್ಲಿಯಲ್ಲಿ, ಉರಿ ನಟ್ಟನಡುವೆ ಇದ್ದಾಗ ಮಾತ್ರ ಕಾಗದದ ಬಾಟ್ಲಿಗೆ ಪಣತಿ ಇಡಿ. ಉಳಿದಂತೆ ಎಲ್‌ಇಡಿಯೇ ಆಗಲಿ.

ಕೆಳಗಿನ ಒಂದು ಇಂಚು ಹೇಗಿದ್ದರೂ ಮರಳಿನ ಪಾಲು, ಅಲ್ಲಿಂದ ಬೆಳಕು ಬರುವುದಿಲ್ಲ. ಹಾಗಾಗಿ ಬೆಳಕು ತಡೆಯುವ ಅಲಂಕಾರಕ್ಕೆಲ್ಲ ಅದೇ ಸರಿಯಾದ ಜಾಗ. ಸಂಡೂರಿನ ಲಂಬಾಣಿ ಕಸೂತಿಯಲ್ಲಿ ಕೂರಿಸುವಂಥ ಚಿಕ್ಕ ಕನ್ನಡಿ ಬಿಲ್ಲೆ, ಕವಡೆಗಳನ್ನು ಅಲ್ಲಿ ಸಾಲಾಗಿ ಅಂಟಿಸಿದರೆ ಪಕ್ಕದ ದೀಪದ ಬೆಳಕು ಅವುಗಳಲ್ಲಿ ಮಿನುಗುತ್ತದೆ. ಗಾಜಿಗೆ ಗಾಜು ಅಂಟಿಸಲು ಫೆವಿಕಾಲ್ ನಿಲ್ಲದು. ಎರಡು ಟ್ಯೂಬನ್ನು ಸಮಸಮ ಕಲಸುವ ಅರಾಲ್ಡೈಟ್ ಬೇಕು. ಬಳ್ಳಾರಿಯ ಜೀನ್ಸ್ ಘಟಕಗಳ ಕಟಿಂಗ್ ಚೂರು ಸಿಕ್ಕರೆ ಒಂದು ಇಂಚಿನ ಪಟ್ಟಿ ಕತ್ತರಿಸಿ ಬುಡಕ್ಕೆ ಸುತ್ತಿ. ನೀಲಿ ಬೇಕೆಂದವರ ಆಸೆಯೂ ಅಲ್ಲಿಗೆ ತೀರುತ್ತದೆ. ಬಟ್ಟೆಯನ್ನು ಕುತ್ತಿಗೆಗೆ ಕಟ್ಟಲೇಬೇಡಿ, ಅದು ಬೆಂಕಿಯ ದಾರಿ.

ಹಚ್ಚುವುದು

ತಳಕ್ಕೆ ಒಂದು ಇಂಚು ಜರಡಿ ಹಿಡಿದ ಮರಳು ಹಾಕಿ. ಮರಳು ಮೂರು ಕೆಲಸ ಮಾಡುತ್ತದೆ: ಬಿಸಿ ಗಾಜಿನ ತಳಕ್ಕೆ ನೇರ ತಾಗದಂತೆ ತಡೆಯುತ್ತದೆ, ಪಣತಿಯನ್ನು ಅಲುಗದಂತೆ ಹಿಡಿಯುತ್ತದೆ, ಚೆಲ್ಲಿದ ಎಣ್ಣೆ ಕುಡಿಯುತ್ತದೆ. ಅದನ್ನು ಮೊದಲೇ ಬಿಸಿಲಿಗೆ ಹರಡಿ ಪೂರ್ತಿ ಒಣಗಿಸಿರಬೇಕು. ಹಸಿ ಮರಳಿನ ತೇವ ಆವಿಯಾಗಿ ಒಳಗಿನ ಗಾಜು ಮಂಜು ಹಿಡಿದಂತಾಗುತ್ತದೆ.

ಪಣತಿಯಲ್ಲಿ ಒಂದು ಸೂಕ್ಷ್ಮವಿದೆ. ಉದ್ದ ಬತ್ತಿ ಹಾಕಿದರೆ ಉರಿ ಪಣತಿಯ ಮೂತಿಯಲ್ಲಿ, ಅಂದರೆ ಗಾಜಿನ ಗೋಡೆಗೆ ಹತ್ತಿ ಉರಿಯುತ್ತದೆ. ಒಂದೇ ಜಾಗ ಕಾದು ಬಾಟ್ಲಿ ಸೀಳಲು ಇದೇ ದೊಡ್ಡ ಕಾರಣ. ಬಾಟ್ಲಿಗೆ ಹೂಬತ್ತಿಯೇ ಬೇಕು. ಅದು ಪಣತಿಯ ನಡುವೆ ನೆಟ್ಟಗೆ ನಿಲ್ಲುತ್ತದೆ. ತುದಿ ಎಣ್ಣೆಯಿಂದ ಅರ್ಧ ಸೆಂಟಿಮೀಟರಷ್ಟೇ ಮೇಲಿರಲಿ. ಉದ್ದವಾದಷ್ಟೂ ಉರಿ ದೊಡ್ಡದಾಗಿ ಮಸಿ ಏರುತ್ತದೆ. ಶೇಂಗಾ, ಕುಸುಬಿ, ಎಳ್ಳೆಣ್ಣೆ ಯಾವುದಾದರೂ ಆಗುತ್ತದೆ. ಔಡಲೆಣ್ಣೆ ಮಂದ, ಬತ್ತಿಗೆ ಏರಲು ತಡ. ಬೇರೆ ಎಣ್ಣೆಗೆ ಅರ್ಧ ಬೆರೆಸಿದರೆ ಒಳ್ಳೆಯದು. ಎರಡು ಚಮಚ ಎಣ್ಣೆಗೆ, ಬತ್ತಿಯ ದಪ್ಪ ನೋಡಿಕೊಂಡು, ಒಂದೂವರೆ ಗಂಟೆಯ ಸುಮಾರು ಬೆಳಕು ಸಿಗುತ್ತದೆ. ಟೀ ಲೈಟ್ ಸಾಮಾನ್ಯವಾಗಿ ನಾಲ್ಕು ಗಂಟೆ ಬರುತ್ತದೆ, ಬಾಟ್ಲಿಯ ಬಿಸಿಗೆ ಸ್ವಲ್ಪ ಬೇಗ ಮುಗಿಯಬಹುದು. ಸೀಮೆಎಣ್ಣೆ, ಕರ್ಪೂರ ಬಾಟ್ಲಿಯೊಳಗೆ ಬೇಡವೇ ಬೇಡ.

ನೀರಿನ ದೀಪವೂ ಚಂದ. ಬಾಟ್ಲಿಗೆ ಮೂರನೇ ಎರಡು ಭಾಗ ನೀರು, ಮೇಲೆ ಅರ್ಧ ಸೆಂಟಿಮೀಟರ್ ಎಣ್ಣೆ, ಅದರ ಮೇಲೆ ತೇಲುಬತ್ತಿ. ಎಣ್ಣೆ ತೀರಿದೊಡನೆ ನೀರು ತಾನೇ ದೀಪ ಆರಿಸುತ್ತದೆ. ಆದರೆ ಇದನ್ನು ತೂಗುಹಾಕಬೇಡಿ. ಗಾಳಿಗೆ ಓಲಾಡಿದರೆ ಬತ್ತಿ ಮುಳುಗುತ್ತದೆ. ಕಟ್ಟೆ, ಕಿಟಕಿಯ ಗೂಡು ಇದಕ್ಕೆ ಸರಿ.

ಹಬ್ಬಕ್ಕೆ ಎರಡು ದಿನ ಮುಂಚೆ ಪ್ರತಿ ಬಾಟ್ಲಿಯನ್ನೂ ಅಂಗಳದ ನೆಲದ ಮೇಲಿಟ್ಟು ಎರಡು ಗಂಟೆ ಉರಿಸಿ ನೋಡಿ. ಒಂದು ಬದಿಗೆ ಮಾತ್ರ ಮಸಿ ಕಟ್ಟಿದರೆ ಪಣತಿ ನಡುವೆ ಇಲ್ಲ. ಸುತ್ತಲೂ ಕಟ್ಟಿದರೆ ಬತ್ತಿ ಉದ್ದ, ಇಲ್ಲವೇ ಬಾಯಿ ಕಿರಿದು. ಮರಳನ್ನು ಇನ್ನೊಂದು ಇಂಚು ಏರಿಸಿ ದೀಪವನ್ನು ಬಾಯಿಗೆ ಹತ್ತಿರ ತಂದರೆ ಎಷ್ಟೋ ಸಲ ಸರಿಹೋಗುತ್ತದೆ.

ಎಲ್‌ಇಡಿಗೆ ಇಷ್ಟು ಹೊತ್ತು ಬೇಕಿಲ್ಲ. ತಾಮ್ರದ ತಂತಿಯ 2 ಮೀಟರ್, 20 ದೀಪದ ಸರ ಒಂದು ಬಾಟ್ಲಿಗೆ ಧಾರಾಳ. ಸರವನ್ನು ಹಾಗೇ ತುರುಕಿದರೆ ತಳದಲ್ಲಿ ಗಂಟಾಗಿ ಕೂರುತ್ತದೆ. ಬಟರ್ ಪೇಪರನ್ನು ಕೊಳವೆಯಂತೆ ಸುತ್ತಿ, ಅದರ ಮೇಲೆ ಸರ ಸುತ್ತಿ ಒಳಗಿಳಿಸಿದರೆ ಬೆಳಕು ಇಡೀ ಬಾಟ್ಲಿಗೆ ಹರಡುತ್ತದೆ. ಎರಡು ಪೆನ್ಸಿಲ್ ಸೆಲ್ ಹಾಕುವ ಡಬ್ಬಿಯ ಸರವನ್ನೇ ಆರಿಸಿ. ಗುಂಡಿ ಸೆಲ್‌ನವು ಬೇಗ ಮುಗಿಯುತ್ತವೆ, ಚಿಕ್ಕ ಮಕ್ಕಳು ನುಂಗಿದರೆ ಪ್ರಾಣಕ್ಕೇ ಅಪಾಯ. ಗೋಡೆಯ 230 ವೋಲ್ಟ್ ಪ್ಲಗ್ಗಿನ ಸೀರಿಯಲ್ ಸೆಟ್ಟನ್ನು ತಂತಿ ಕಟ್ಟಿದ ಬಾಟ್ಲಿಯೊಳಗೆ ಹಾಕಿ ಅಂಗಳದಲ್ಲಿ ತೂಗುಹಾಕುವುದು ಬೇಡ. ತೇವ ತಾಗಿದರೆ ತಂತಿಯೆಲ್ಲ ಕರೆಂಟು.

ತೂಗುಹಾಕುವಾಗ

ನೂಲು, ನೈಲಾನ್ ಹಗ್ಗ ಬೇಡ. ಕಬ್ಬಿಣದ ಎಸ್ ಕೊಕ್ಕೆ ಇಲ್ಲವೇ ಸರಪಳಿ ಇರಲಿ. ಬಾಯಿಯ ಮೇಲೆ ಒಂದು ಮೊಳ ಖಾಲಿ ಜಾಗ ಬೇಕು. ಬಾಗಿಲಿನ ಮಾವಿನ ತೋರಣ ಮೂರನೆಯ ದಿನಕ್ಕೆ ಗರಿಗರಿ ಒಣಗಿರುತ್ತದೆ, ಕಾಗದದ ಆಕಾಶಬುಟ್ಟಿಯಂತೂ ಕಿಡಿಗೇ ಕಾದಿರುತ್ತದೆ. ಎರಡರ ಕೆಳಗೂ ಉರಿಯುವ ಬಾಟ್ಲಿ ಬರಬಾರದು. ಸಾಲಾಗಿ ಕಟ್ಟುವುದಾದರೆ ಬಾಟ್ಲಿಯಿಂದ ಬಾಟ್ಲಿಗೆ ಒಂದೂವರೆ ಅಡಿ ಬಿಡಿ, ಗಾಳಿಗೆ ಒಂದಕ್ಕೊಂದು ಬಡಿದುಕೊಳ್ಳಬಾರದು. ದೊಡ್ಡವರ ತಲೆಗೆ ತಾಗದ, ಆದರೆ ಸ್ಟೂಲ್ ಇಲ್ಲದೆ ಕೈಗೆಟಕುವ ಎತ್ತರವೇ ಸರಿ.

ಹಬ್ಬದ ದಿನಗಳಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಮಳೆ ಕೆಲವೊಮ್ಮೆ ನಮ್ಮ ಕಡೆಗೂ ಬರುತ್ತದೆ. ಕಾದ ಬಾಯಂಚಿಗೆ ನಾಲ್ಕು ತಣ್ಣನೆಯ ಹನಿ ಬಿದ್ದರೆ ಸಾಕು, ಬಾಟ್ಲಿ ಸೀಳಲು. ಮೋಡ ಕಂಡರೆ ಪಡಸಾಲೆಯೊಳಗೆ ಕಟ್ಟಿ, ಇಲ್ಲವೇ ಆ ದಿನ ಎಲ್‌ಇಡಿ ಇಡಿ. ದೀಪ ಆರಿಸಲು ನೀರು ಚಿಮುಕಿಸಬಾರದು. ಬಾಯಿಯ ಮೇಲೆ ಲೋಹದ ಮುಚ್ಚಳ ಅಡ್ಡ ಇಟ್ಟರೆ ಅರ್ಧ ನಿಮಿಷದಲ್ಲಿ ಆರುತ್ತದೆ. ತಣ್ಣಗಾಗುವವರೆಗೆ ಅಲ್ಲೇ ಇರಲಿ.

ಕಾರ್ತೀಕ ಮುಗಿದ ಮೇಲೆ ಒಳಗಿನ ಮಸಿಯನ್ನು ಒಣ ಕಾಗದದಿಂದ ಒರೆಸಿ, ಆಮೇಲೆ ಸೋಪು ನೀರು. ಮೊದಲೇ ನೀರು ಹಾಕಿದರೆ ಮಸಿ ಕಲಸಿ ಇಡೀ ಬಾಟ್ಲಿಗೆ ಹತ್ತುತ್ತದೆ. ಚೆಲ್ಲಿದ ಮೇಣಕ್ಕೆ ಬಾಟ್ಲಿಯನ್ನು ಒಂದು ಗಂಟೆ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಟ್ಟರೆ ಮೇಣ ಕುಗ್ಗಿ ಮರದ ಕಡ್ಡಿಗೆ ಎದ್ದು ಬರುತ್ತದೆ. ಹಿಡಿಕೆ ಬಿಚ್ಚಿ, ಒಂದೊಂದನ್ನೂ ಪತ್ರಿಕೆಯಲ್ಲಿ ಸುತ್ತಿ, ಬಾಯಿ ಮೇಲಾಗಿ ಪೆಟ್ಟಿಗೆಯಲ್ಲಿ ನಿಲ್ಲಿಸಿಡಿ. ಒಡೆದದ್ದು ಇದ್ದರೆ ನಾಲ್ಕು ಪದರ ಪತ್ರಿಕೆಯಲ್ಲಿ ಸುತ್ತಿ, ರಟ್ಟಿನ ಡಬ್ಬಿಗೆ ಹಾಕಿ, ಮೇಲೆ ‘ಒಡೆದ ಗಾಜು’ ಎಂದು ದಪ್ಪಕ್ಷರದಲ್ಲಿ ಬರೆದು ಕಸದ ಗಾಡಿಯವರ ಕೈಗೇ ಕೊಡಿ.